ಡಬಲ್ ಆ್ಯಕ್ಷನ್ ಪಿಸ್ತೂಲಿನ ಟ್ರಿಗರ್ ಹಗುರ ಮಾಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ವಾರಾಂತ್ಯಕ್ಕೆ ಶೂಟಿಂಗ್ ರೇಂಜಿಗೆ ಹೋಗುವವರು ಈಗ ಅಪರೂಪವೇನಲ್ಲ. ಬೆರೆಟ್ಟಾ 92, ಸಿಝಡ್ 75, ಸಿಗ್ ಪಿ226 ಪಿಸ್ತೂಲು ಇಟ್ಟುಕೊಂಡವರು ಭೇಟಿಯಾದಾಗ ಕೇಳುವ, ಪತ್ರದಲ್ಲಿ ಬರೆಯುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಊರಿನಿಂದ ಬಂದ ಕೆಲವು ಪ್ರಶ್ನೆಗಳೂ ಇವೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

## ಮೊದಲು ತಿಳಿಯಬೇಕಾದ್ದು

ಮೊದಲನೇ ಗುಂಡಿಗೆ ಟ್ರಿಗರ್ ಕಲ್ಲಿನ ಹಾಗಿರುತ್ತೆ, ಎರಡನೇದಕ್ಕೆ ಸಲೀಸು. ನನ್ನ ಪಿಸ್ತೂಲು ಕೆಟ್ಟಿದೆಯಾ?

ಕೆಟ್ಟಿಲ್ಲ. ಅದರ ವಿನ್ಯಾಸವೇ ಹಾಗೆ. ಹ್ಯಾಮರ್, ಅಂದರೆ ಗುಂಡು ಹಾರಿಸಲು ಹಿಂದಿನಿಂದ ಬಡಿಯುವ ಪುಟ್ಟ ಸುತ್ತಿಗೆ, ಕೆಳಗಿದ್ದಾಗ ಟ್ರಿಗರ್ ಎಳೆದರೆ ಒಂದೇ ಎಳೆತದಲ್ಲಿ ಎರಡು ಕೆಲಸ ಆಗಬೇಕು: ಹ್ಯಾಮರನ್ನು ಹಿಂದಕ್ಕೆ ಎತ್ತುವುದು, ಆಮೇಲೆ ಅದನ್ನು ಬಿಡುವುದು. ಇದೇ ಡಬಲ್ ಆ್ಯಕ್ಷನ್. ಗುಂಡು ಹಾರಿದ ಮೇಲೆ ಹಿಂದಕ್ಕೆ ಸರಿಯುವ ಸ್ಲೈಡು ಎಂಬ ಮೇಲ್ಭಾಗ ಹ್ಯಾಮರನ್ನು ತಾನೇ ಎತ್ತಿಟ್ಟಿರುತ್ತದೆ. ಹಾಗಾಗಿ ಎರಡನೇ ಗುಂಡಿನಿಂದ ಟ್ರಿಗರಿಗೆ ಉಳಿಯುವುದು ಬಿಡುವ ಕೆಲಸ ಮಾತ್ರ, ಅದು ಸಿಂಗಲ್ ಆ್ಯಕ್ಷನ್. ಈ ಏರ್ಪಾಡನ್ನು ಮಾರುಕಟ್ಟೆಯಲ್ಲಿ ಗೆಲ್ಲಿಸಿದ್ದು 1929ರ ವಾಲ್ಥರ್ ಪಿಪಿ. 1938ರ ವಾಲ್ಥರ್ ಪಿ38 ಅದನ್ನು ಸೈನ್ಯಕ್ಕೆ ಕೊಂಡೊಯ್ದಿತು.

ಬೆರೆಟ್ಟಾ 92ಎಫ್‌ಎಸ್‌ನಲ್ಲಿ ಮೊದಲ ಎಳೆತ ಸುಮಾರು 12 ಪೌಂಡ್, ಅಂದರೆ ಹೆಚ್ಚುಕಡಿಮೆ ಐದೂವರೆ ಕೆಜಿ. ಎರಡನೆಯದು ಅದರ ಅರ್ಧಕ್ಕಿಂತ ಕಡಿಮೆ.

ಇಷ್ಟು ಗಟ್ಟಿ ಯಾಕೆ ಇಟ್ಟಿದ್ದಾರೆ? ಕಂಪನಿಯವರೇ ಹಗುರ ಮಾಡಿ ಕೊಡಬಹುದಿತ್ತಲ್ಲ?

ಎರಡು ಕಾರಣ. ಸೈನ್ಯಕ್ಕೆ, ಪೊಲೀಸರಿಗೆ ಮಾರುವ ಪಿಸ್ತೂಲು ಎಂಥ ಕೊಳೆಯಲ್ಲೂ, ಎಂಥ ಚಳಿಯಲ್ಲೂ, ಯಾವ ದೇಶದ ಗುಂಡು ಹಾಕಿದರೂ ಹಾರಲೇಬೇಕು. ಅದಕ್ಕೆ ಹ್ಯಾಮರಿನ ಏಟು ಜೋರಾಗಿರಬೇಕು, ಜೋರಾದ ಏಟಿಗೆ ಗಟ್ಟಿ ಸ್ಪ್ರಿಂಗ್ ಬೇಕು. ಬೆರೆಟ್ಟಾ 92 ಅಮೆರಿಕದ ಸೈನ್ಯಕ್ಕೆ ಎಂ9 ಆಗಿ ಆಯ್ಕೆಯಾದದ್ದು 1985ರಲ್ಲಿ. ನೀವು ಇಂದು ಅಂಗಡಿಯಿಂದ ತರುವ 92ಎಫ್‌ಎಸ್‌ನಲ್ಲಿ ಆ ಲೆಕ್ಕಾಚಾರವೇ ಇನ್ನೂ ಉಳಿದಿದೆ.

ಎರಡನೆಯದು, ಆ ಭಾರ ಒಂದು ರಕ್ಷಣೆಯೂ ಹೌದು. ಗಾಬರಿಯಲ್ಲಿ ಬೆರಳು ತಗುಲಿದ ಮಾತ್ರಕ್ಕೆ ಗುಂಡು ಹಾರದು. ಉದ್ದವಾಗಿ, ಬೇಕೆಂದೇ ಎಳೆಯಬೇಕು. ಅದಕ್ಕೇ ನನ್ನ ಮಟ್ಟಿಗೆ ಡಬಲ್ ಆ್ಯಕ್ಷನ್ ಎಳೆತವನ್ನು ಎರಡು ಪೌಂಡಿಗೆ ಇಳಿಸಬೇಕೆನ್ನುವವರು ಬೇರೆ ಜಾತಿಯ ಪಿಸ್ತೂಲು ಕೊಳ್ಳುವುದೇ ವಾಸಿ.

ನಾನು ಎಚ್-1ಬಿ ಮೇಲಿದ್ದೇನೆ. ಗೆಳೆಯನ ಪಿಸ್ತೂಲಿನ ಸ್ಪ್ರಿಂಗ್ ಬದಲಾಯಿಸೋಕೆ ಮನೆಗೆ ತಂದುಕೊಳ್ಳಬಹುದಾ?

ಬೇಡ. ವಲಸೆಯೇತರ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ಗುಂಡನ್ನಾಗಲಿ ಸ್ವಾಧೀನದಲ್ಲಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಅಮೆರಿಕದ ರಾಜ್ಯವೊಂದು ಕೊಟ್ಟ ಬೇಟೆ ಲೈಸೆನ್ಸ್ ಇರುವಂಥ ಕೆಲವು ವಿನಾಯಿತಿಗಳಿವೆ. ಅವು ನಿಮಗೆ ಅನ್ವಯವೇ ಎಂಬುದನ್ನು ವಕೀಲರಿಂದಲೇ ಕೇಳಿ ತಿಳಿಯಿರಿ, ನನ್ನಿಂದಲ್ಲ. ಗ್ರೀನ್ ಕಾರ್ಡ್ ಬಂದವರ ವಿಚಾರ ಬೇರೆ, ಅವರಿಗೆ ಈ ನಿಷೇಧ ಇಲ್ಲ. ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ನಿಂತವರು ಒಂದು ಸ್ಪ್ರಿಂಗಿಗಾಗಿ ಈ ತಕರಾರು ಮೈಮೇಲೆ ಎಳೆದುಕೊಳ್ಳುವುದು ನನಗಂತೂ ಅರ್ಥವಾಗದು.

ನನ್ನದೇ ಪಿಸ್ತೂಲು, ನಾನೇ ಟ್ರಿಗರ್ ಹಗುರ ಮಾಡಿಕೊಂಡರೆ ಇಲ್ಲಿ ಅಪರಾಧವಾ?

ಕಾನೂನುಬದ್ಧವಾಗಿ ನಿಮ್ಮದಾದ ಪಿಸ್ತೂಲಿಗೆ ಹಗುರ ಸ್ಪ್ರಿಂಗ್, ಬೇರೆ ಟ್ರಿಗರ್ ಹಾಕಿಕೊಳ್ಳುವುದನ್ನು ಫೆಡರಲ್ ಕಾನೂನು ತಡೆಯುವುದಿಲ್ಲ. ಆದರೆ ಟ್ರಿಗರನ್ನು ಒಂದು ಸಲ ಎಳೆದರೆ ಒಂದಕ್ಕಿಂತ ಹೆಚ್ಚು ಗುಂಡು ಹಾರುವಂತೆ ಮಾಡಿದರೆ ಅದು ಮಷಿನ್ ಗನ್ ಎನಿಸುತ್ತದೆ, ಅಲ್ಲಿಗೆ ಮಾತು ಜೈಲಿನದ್ದು. ಇನ್ನು ದುಡ್ಡು ತೆಗೆದುಕೊಂಡು ಇತರರ ಪಿಸ್ತೂಲಿಗೆ ಈ ಕೆಲಸವನ್ನು ಕಸುಬಾಗಿ ಮಾಡಬೇಕಾದರೆ ಫೆಡರಲ್ ಲೈಸೆನ್ಸ್ ಬೇಕು.

ರಾಜ್ಯಗಳ ನಿಯಮ ಒಂದೊಂದು ಥರ. ಉದಾಹರಣೆಗೆ ಮ್ಯಾಸಚೂಸೆಟ್ಸ್‌ನಲ್ಲಿ ಮಾರುವ ಕೈಬಂದೂಕುಗಳಲ್ಲಿ ಪುಟ್ಟ ಮಕ್ಕಳು ಹಾರಿಸಲಾಗದಂಥ ಏರ್ಪಾಡು ಇರಬೇಕು, ಕನಿಷ್ಠ 10 ಪೌಂಡಿನ ಟ್ರಿಗರ್ ಅದಕ್ಕಿರುವ ದಾರಿಗಳಲ್ಲಿ ಒಂದು. ನಿಮ್ಮ ರಾಜ್ಯದ ನಿಯಮ ಓದಿಯೇ ಕೈ ಹಚ್ಚಿ.

## ಸ್ಪ್ರಿಂಗ್ ಕಥೆ

ಕಡಿಮೆ ಖರ್ಚಿನಲ್ಲಿ ಒಂದೇ ಒಂದು ಕೆಲಸ ಮಾಡಿಸೋದಾದ್ರೆ ಯಾವುದು?

ಹ್ಯಾಮರ್ ಸ್ಪ್ರಿಂಗ್. ಡಬಲ್ ಆ್ಯಕ್ಷನ್ ಎಳೆತದಲ್ಲಿ ನಿಮ್ಮ ಬೆರಳು ಮುಖ್ಯವಾಗಿ ಸೆಣಸುವುದೇ ಅದರ ಜೊತೆ.

ಬೆರೆಟ್ಟಾ 92 ಇದ್ದವರಿಗೆ ಇದು ಅದೃಷ್ಟದ ವಿಷಯ. ಇದೇ ಪಿಸ್ತೂಲಿನ 92ಡಿ ಎಂಬ ಡಬಲ್ ಆ್ಯಕ್ಷನ್ ಮಾತ್ರ ಇರುವ ಮಾದರಿಗೆ ಕಂಪನಿಯೇ ಹಗುರ ಸ್ಪ್ರಿಂಗ್ ಹಾಕುತ್ತಿತ್ತು. ಎಲ್ಲರೂ ಅದನ್ನು ಡಿ-ಸ್ಪ್ರಿಂಗ್ ಎನ್ನುತ್ತಾರೆ. ಮಾಮೂಲು ಸ್ಪ್ರಿಂಗ್ 20 ಪೌಂಡಿನದ್ದಾದರೆ ಇದು 16ರ ಆಸುಪಾಸು. ಬೆಲೆ ಒಂದು ಊಟದಷ್ಟೂ ಇಲ್ಲ. ಹಾಕಿದರೆ ಮೊದಲ ಎಳೆತ ಒಂದು ಕೆಜಿಗೂ ಮಿಕ್ಕಿ ಇಳಿಯುತ್ತದೆ. ಕಂಪನಿಯದೇ ಸ್ಪ್ರಿಂಗ್ ಆದ್ದರಿಂದ ಗುಂಡು ಹಾರದೆ ಉಳಿಯುವ ತಲೆನೋವೂ ಸಾಮಾನ್ಯವಾಗಿ ಇಲ್ಲ. ಬೆರೆಟ್ಟಾ ಇಟ್ಟುಕೊಂಡವರಲ್ಲಿ ಹೆಚ್ಚಿನವರು ಇಲ್ಲಿಗೇ ನಿಲ್ಲಿಸಬಹುದು, ಉಳಿದ ದುಡ್ಡಿಗೆ ಗುಂಡು ತೆಗೆದುಕೊಳ್ಳಬಹುದು.

ಹಾಗಾದ್ರೆ ಇನ್ನೂ ಹಗುರದ್ದು ಹಾಕೋಣ. 13 ಪೌಂಡಿಂದೂ ಸಿಗುತ್ತಲ್ಲ?

ಸಿಗುತ್ತದೆ. ಆದರೆ ಅಲ್ಲಿಂದಾಚೆ ಹಗುರಕ್ಕೆ ತೆರುವ ಬೆಲೆ ಗುಂಡು ಹಾರದಿರುವುದು. ಗುಂಡಿನ ಹಿಂಬದಿಯ ಪ್ರೈಮರ್ ಎಂಬ ಪುಟ್ಟ ಬಟ್ಟಲನ್ನು, ಹ್ಯಾಮರ್ ಬಡಿಯುವ ಫೈರಿಂಗ್ ಪಿನ್ ಎಂಬ ಸೂಜಿ ಸಾಕಷ್ಟು ಆಳ ಜಜ್ಜಿದರೆ ಮಾತ್ರ ಮದ್ದು ಹೊತ್ತಿಕೊಳ್ಳುತ್ತದೆ. ಸ್ಪ್ರಿಂಗ್ ಸಡಿಲವಾದಷ್ಟೂ ಏಟು ಸಣ್ಣದು.

ಪ್ರೈಮರ್‌ಗಳೂ ಒಂದೇ ಥರ ಇರುವುದಿಲ್ಲ. ಫೆಡರಲ್ ಕಂಪನಿಯವು ಮೆದು ಎಂದು ಸ್ಪರ್ಧಿಗಳಲ್ಲಿ ಹೆಸರು, ಸಿಸಿಐಯವು ಗಟ್ಟಿ. ಸೈನ್ಯದ ಮಾದರಿಯ ಗುಂಡುಗಳಲ್ಲೂ ಗಟ್ಟಿ ಪ್ರೈಮರೇ ಹೆಚ್ಚು. ಸಿಝಡ್ 75ರಲ್ಲಿ 13, 11.5 ಪೌಂಡಿನ ಸ್ಪ್ರಿಂಗ್ ಹಾಕಿ ಗೆಲ್ಲುವವರಿದ್ದಾರೆ. ಅವರಲ್ಲಿ ಬಹಳ ಮಂದಿ ತಾವೇ ಗುಂಡು ತಯಾರಿಸಿಕೊಳ್ಳುವವರು, ಫೆಡರಲ್ ಪ್ರೈಮರನ್ನೇ ಹುಡುಕಿ ತರುವವರು, ಜೊತೆಗೆ ಉದ್ದನೆಯ ಫೈರಿಂಗ್ ಪಿನ್ ಹಾಕಿಸಿದವರು. ಅಂಗಡಿಯಲ್ಲಿ ಆ ದಿನ ಅಗ್ಗಕ್ಕೆ ಸಿಕ್ಕ ಡಬ್ಬಿ ತರುವವರು ಅವರ ಸ್ಪ್ರಿಂಗನ್ನು ಮಾತ್ರ ನಕಲು ಮಾಡಿದರೆ ರೇಂಜಿನಲ್ಲಿ ಬರೀ ಟಕ್ ಸದ್ದು.

ಸಿಂಗಲ್ ಆ್ಯಕ್ಷನ್‌ನಲ್ಲಿ ಎಲ್ಲಾ ಗುಂಡೂ ಹಾರುತ್ತೆ, ಡಬಲ್ ಆ್ಯಕ್ಷನ್‌ನಲ್ಲಿ ಮಾತ್ರ ಕೈಕೊಡುತ್ತೆ. ಯಾಕಣ್ಣ?

ಒಳ್ಳೆಯ ಗಮನಿಕೆ. ಬಹಳಷ್ಟು ಪಿಸ್ತೂಲುಗಳಲ್ಲಿ ಡಬಲ್ ಆ್ಯಕ್ಷನ್ ಎಳೆತದಲ್ಲಿ ಹ್ಯಾಮರ್ ಪೂರ್ತಿ ಹಿಂದಕ್ಕೆ ಹೋಗುವ ಮೊದಲೇ ಬಿಡುಗಡೆಯಾಗುತ್ತದೆ. ಬೀಳುವ ದೂರ ಕಡಿಮೆ, ಹಾಗಾಗಿ ಏಟೂ ಕಡಿಮೆ. ಸ್ಪ್ರಿಂಗ್ ಅಂಚಿನಲ್ಲಿದೆ ಎಂಬುದು ಮೊದಲು ಗೊತ್ತಾಗುವುದೇ ಇಲ್ಲಿ. ಆದ್ದರಿಂದ ಸ್ಪ್ರಿಂಗ್ ಬದಲಾಯಿಸಿದ ಮೇಲೆ ಪರೀಕ್ಷೆಯನ್ನು ಡಬಲ್ ಆ್ಯಕ್ಷನ್‌ನಲ್ಲೇ ಮಾಡಬೇಕು. ಪ್ರತಿ ಗುಂಡಿನ ನಂತರ ಹ್ಯಾಮರ್ ಇಳಿಸಿ ಮತ್ತೆ ಮೊದಲಿನಿಂದ. ಬೇಸರದ ಕೆಲಸ, ಆದರೆ ಮ್ಯಾಗಜೀನ್ ಖಾಲಿ ಮಾಡುತ್ತ ಸಿಂಗಲ್ ಆ್ಯಕ್ಷನ್‌ನಲ್ಲಿ ನೂರು ಗುಂಡು ಹಾರಿಸಿದರೂ ಈ ವಿಷಯ ತಿಳಿಯುವುದಿಲ್ಲ.

ಸ್ಪ್ರಿಂಗ್ ನಾನೇ ಮನೆಯಲ್ಲಿ ಬದಲಾಯಿಸಬಹುದಾ?

ಬೆರೆಟ್ಟಾದಲ್ಲಿ, ಕೈ ಪಳಗಿದವರು ಮಾಡಬಹುದು. ಪಿಸ್ತೂಲು ಖಾಲಿ ಇರಬೇಕು, ಗುಂಡು ಕೂರುವ ಚೇಂಬರನ್ನು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿರಬೇಕು, ಗುಂಡುಗಳು ಬೇರೆ ಕೋಣೆಯಲ್ಲಿರಬೇಕು. ಹಿಡಿಯ ಎರಡು ಪಟ್ಟಿ ಬಿಚ್ಚಿದರೆ ಸ್ಪ್ರಿಂಗ್ ಕಾಣುತ್ತದೆ. ಅದನ್ನು ಕೆಳಗಡೆ ಒಂದು ಮುಚ್ಚಳ, ಒಂದು ಪಿನ್ನು ಹಿಡಿದಿಟ್ಟಿವೆ. ಮುಚ್ಚಳವನ್ನು ಒಳಕ್ಕೆ ಒತ್ತಿ ಹಿಡಿದೇ ಪಿನ್ನು ತೆಗೆಯಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಹಾರುತ್ತದೆ. ಕಣ್ಣಿಗೆ ಕನ್ನಡಕ ಕಡ್ಡಾಯ.

ಸಿಝಡ್‌ನಲ್ಲಿ ಸ್ಪ್ರಿಂಗಿನ ಆಚೆಗೆ ಎತ್ತಿದ ಹ್ಯಾಮರನ್ನು ಹಿಡಿದಿಡುವ ಸಿಯರಿನ ಗೂಡಿಗೆ ಕೈ ಹಾಕಿದರೆ ಸಾಸಿವೆ ಕಾಳಿನಂಥ ಬಿಡಿಭಾಗಗಳು, ಕೂದಲೆಳೆಯಂಥ ಸ್ಪ್ರಿಂಗುಗಳು. ಬಿಚ್ಚುವುದು ಸುಲಭ, ಕೂರಿಸುವಾಗ ಸಂಜೆಯಾಗುತ್ತದೆ. ಅದನ್ನು ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್‌ಗೆ ಕೊಡಿ.

ಟ್ರಿಗರ್ ಎಳೆದು ಬಿಟ್ಟರೆ ಮುಂದಕ್ಕೆ ವಾಪಸ್ ಬರ್ತಿಲ್ಲ. ಹೊಸ ಸ್ಪ್ರಿಂಗ್ ಹಾಕಿದ್ದಕ್ಕೇನಾ?

ಅಲ್ಲ, ಅದು ಬೇರೆ ಸ್ಪ್ರಿಂಗ್. ಟ್ರಿಗರನ್ನು ಮುಂದಕ್ಕೆ ತಳ್ಳುವ ಪುಟ್ಟ ರಿಟರ್ನ್ ಸ್ಪ್ರಿಂಗ್ ಮುರಿದಿದೆ. ಬೆರೆಟ್ಟಾ 92ರಲ್ಲಿ, ಸಿಝಡ್ 75ರಲ್ಲಿ ಸವೆದು ಮುರಿಯುವ ಭಾಗಗಳಲ್ಲಿ ಇದು ಹೆಸರುವಾಸಿ. ಟ್ರಿಗರ್ ಕೆಲಸ ಮಾಡಿಸುವಾಗಲೇ ಹೊಸದು ಹಾಕಿಸಿ, ಚೀಲದಲ್ಲೂ ಒಂದಿರಲಿ.

ಹ್ಯಾಮರ್ ಸ್ಪ್ರಿಂಗ್ ಹಗುರ ಮಾಡಿದ ಮೇಲೆ ಕೈಗೆ ಬಡಿತ ಜಾಸ್ತಿ ಅನ್ನಿಸ್ತಿದೆ. ಭ್ರಮೆಯಾ?

ಪೂರ್ತಿ ಭ್ರಮೆಯಲ್ಲ. ಸ್ಲೈಡು ಹಿಂದಕ್ಕೆ ಬರುವಾಗ ಹ್ಯಾಮರನ್ನೂ ತಳ್ಳಿಕೊಂಡು ಬರಬೇಕು. ಹ್ಯಾಮರಿನ ಸ್ಪ್ರಿಂಗ್ ಗಟ್ಟಿ ಇದ್ದರೆ ಅದು ಸ್ಲೈಡಿಗೆ ಸ್ವಲ್ಪ ತಡೆ. ಸಡಿಲವಾದರೆ ಸ್ಲೈಡು ಇನ್ನಷ್ಟು ವೇಗವಾಗಿ ಹಿಂದಕ್ಕೆ ಬರುತ್ತದೆ. ಸ್ಲೈಡನ್ನು ತಡೆದು ಮತ್ತೆ ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಬೆರೆಟ್ಟಾದಲ್ಲಿ ಮಾಮೂಲಾಗಿ 13 ಪೌಂಡಿನದ್ದು. ಅದು ಹಳತಾಗಿ ಕುಗ್ಗಿದ್ದರೆ ಮೊದಲು ಅದನ್ನು ಬದಲಾಯಿಸಿ ನೋಡಿ.

## ಸ್ಪ್ರಿಂಗಿನ ಆಚೆಗೆ

ಟ್ರಿಗರಿನ ತೂಕ ಇಳಿದಿದೆ, ಆದ್ರೂ ಎಳೆದರೆ ಕರಕರ ಅನ್ನುತ್ತೆ. ಇದಕ್ಕೇನು ಮಾಡೋದು?

ಈ ಪ್ರಶ್ನೆ ಕೇಳಿದವರು ಸರಿಯಾದ ದಾರಿಯಲ್ಲಿದ್ದಾರೆ. ಗುರಿಯನ್ನು ಕೆಡಿಸುವುದು ಭಾರಕ್ಕಿಂತ ಹೆಚ್ಚಾಗಿ ಈ ಕರಕರ. ಹತ್ತು ಪೌಂಡಾದರೂ ಬೆಣ್ಣೆಯಲ್ಲಿ ಚಾಕು ಇಳಿದಂತೆ ಬರುವ ಟ್ರಿಗರ್ ಚೆನ್ನಾಗಿ ಹೊಡೆಯುತ್ತದೆ. ಏಳು ಪೌಂಡಿಗೆ ಇಳಿದರೂ ನಡುವೆ ಎರಡು ಕಡೆ ಮುಗ್ಗರಿಸುವ ಟ್ರಿಗರ್ ಹೊಡೆಯುವುದಿಲ್ಲ.

ಟ್ರಿಗರನ್ನು ಹ್ಯಾಮರಿಗೆ, ಸಿಯರಿಗೆ ಜೋಡಿಸುವ ಟ್ರಿಗರ್ ಬಾರ್ ಎಂಬ ಉದ್ದನೆಯ ತಗಡು ಚೌಕಟ್ಟಿಗೆ ಉಜ್ಜುತ್ತಾ ಚಲಿಸುತ್ತದೆ. ಕಾರ್ಖಾನೆಯ ಯಂತ್ರದ ಗೀರುಗಳು, ಒಣಗಿದ ಎಣ್ಣೆ, ಮದ್ದಿನ ಮಸಿ ಎಲ್ಲ ಸೇರಿ ಕರಕರ. ಮೊದಲು ಬಿಚ್ಚಿ ತೊಳೆದು, ಉಜ್ಜುವ ಜಾಗಗಳಿಗೆ ಮಾತ್ರ ತೆಳುವಾಗಿ ಗ್ರೀಸ್ ಹಚ್ಚಿ. ಆಮೇಲೆ ಖಾಲಿ ಪಿಸ್ತೂಲಿನಲ್ಲಿ ಸಾವಿರಾರು ಸಲ ಎಳೆಯಿರಿ. ಟಿವಿ ಮುಂದೆ ಕೂತು ಎಳೆದೂ ಎಳೆದೂ ಲೋಹ ತಾನಾಗಿ ನುಣುಪಾಗುತ್ತದೆ, ಬೆರಳಿಗೂ ಬಲ ಬರುತ್ತದೆ. ಈ ಪುಕ್ಕಟೆ ಉಪಾಯ ಹೇಳಿದರೆ ಜನಕ್ಕೆ ಯಾಕೋ ರುಚಿಸುವುದಿಲ್ಲ, ಪಾರ್ಸೆಲ್‌ನಲ್ಲಿ ಬರುವ ಉಪಾಯವೇ ಬೇಕು.

ಚೇಂಬರಿಗೆ ಸ್ನ್ಯಾಪ್ ಕ್ಯಾಪ್ ಎಂಬ ನಕಲಿ ಗುಂಡು ಹಾಕಿಕೊಂಡು ಎಳೆಯಿರಿ. ಸಿಝಡ್ 75ಬಿಯಲ್ಲಿ ಇದು ಮುಖ್ಯ. ಬರಿದಾಗಿ ವಿಪರೀತ ಎಳೆದರೆ ಫೈರಿಂಗ್ ಪಿನ್ನನ್ನು ಹಿಡಿದಿರುವ ಮೊಳೆ ಜಜ್ಜಿಹೋಗುತ್ತದೆ.

ಸಿಯರನ್ನು ಸ್ವಲ್ಪ ಕಲ್ಲಿನಲ್ಲಿ ತೀಡಿದರೆ ಸಿಂಗಲ್ ಆ್ಯಕ್ಷನ್ ಗಾಜು ಮುರಿದ ಹಾಗೆ ಚಕ್ಕನೆ ಬಿಡುತ್ತಂತೆ. ಮಾಡ್ಲಾ?

ಮಾಡಬೇಡಿ. ಹ್ಯಾಮರನ್ನು ಎತ್ತಿ ಹಿಡಿದಿರುವುದು ಸಿಯರಿನ ಒಂದು ಕಿರಿದಾದ ಅಂಚು. ಆ ಅಂಚಿನ ಕೋನ ಎಷ್ಟಿರಬೇಕೆಂಬುದಕ್ಕೆ ಲೆಕ್ಕವಿದೆ. ಕೈಯಲ್ಲಿ ಕಲ್ಲು ಹಿಡಿದು ತೀಡಿದರೆ ಕೋನ ಬದಲಾಗುತ್ತದೆ. ಮೇಲ್ಮೈಯನ್ನಷ್ಟೇ ಗಟ್ಟಿ ಮಾಡಿರುವ ಭಾಗವಾದರೆ ಆ ತೆಳು ಪದರ ಸವೆದು ಒಳಗಿನ ಮೆದು ಉಕ್ಕು ಹೊರಬರುತ್ತದೆ. ಮೊದಲ ದಿನ ಅದ್ಭುತ ಎನಿಸುತ್ತದೆ. ಕೆಲವು ನೂರು ಗುಂಡಿನ ಮೇಲೆ ಸ್ಲೈಡು ಮುಚ್ಚಿದ ಹೊಡೆತಕ್ಕೇ ಹ್ಯಾಮರ್ ಜಾರಿ ಬೀಳಬಹುದು, ಇಲ್ಲವೇ ಒಂದೇ ಎಳೆತಕ್ಕೆ ಎರಡು ಗುಂಡು ಹಾರಬಹುದು. ಎರಡನೇ ಗುಂಡು ಹೋಗುವ ಹೊತ್ತಿಗೆ ಪಿಸ್ತೂಲಿನ ಮೂತಿ ಆಕಾಶ ನೋಡುತ್ತಿರುತ್ತದೆ.

ಸಿಂಗಲ್ ಆ್ಯಕ್ಷನ್ ನಿಜಕ್ಕೂ ಸುಧಾರಿಸಬೇಕಿದ್ದರೆ ಹ್ಯಾಮರ್, ಸಿಯರ್ ಒಂದಕ್ಕೊಂದು ಹೊಂದುವಂತೆ ಮಾಡಿ ಮಾರುವ ಜೋಡಿಗಳಿವೆ. ಬೆರೆಟ್ಟಾಗೆ ಲ್ಯಾಂಗ್ಡನ್ ಟ್ಯಾಕ್ಟಿಕಲ್, ಸಿಝಡ್‌ಗೆ ಕೇಜನ್ ಗನ್ ವರ್ಕ್ಸ್ ಇದರಲ್ಲಿ ಹೆಸರು ಮಾಡಿವೆ. ಗನ್‌ಸ್ಮಿತ್ ಕೈಯಲ್ಲಿ ಕೂರಿಸಿ.

ಸಿಗ್‌ನ ಶಾರ್ಟ್ ರೀಸೆಟ್ ಟ್ರಿಗರ್ ಹಾಕಿಸಿದೆ. ಮೊದಲ ಎಳೆತ ಒಂಚೂರೂ ಹಗುರ ಆಗಿಲ್ಲ. ಮೋಸ ಹೋದೆನಾ?

ಮೋಸವಲ್ಲ, ಅದು ಮಾಡುವ ಕೆಲಸವೇ ಬೇರೆ. ಗುಂಡು ಹಾರಿದ ಮೇಲೆ ಮುಂದಿನ ಗುಂಡಿಗೆ ಟ್ರಿಗರನ್ನು ಎಷ್ಟು ದೂರ ಮುಂದಕ್ಕೆ ಬಿಡಬೇಕು ಎಂಬುದೇ ರೀಸೆಟ್. ಪಿ226ರಲ್ಲಿ ಆ ಕಿಟ್ಟು ಈ ದೂರವನ್ನು ಅರ್ಧಕ್ಕಿಂತಲೂ ಕಡಿಮೆ ಮಾಡುತ್ತದೆ. ಹ್ಯಾಮರ್ ಸ್ಪ್ರಿಂಗನ್ನು ಅದು ಮುಟ್ಟುವುದೇ ಇಲ್ಲ, ಆದ್ದರಿಂದ ಡಬಲ್ ಆ್ಯಕ್ಷನ್ ತೂಕ ಇದ್ದ ಹಾಗೇ ಇರುತ್ತದೆ. ಬೇಗ ಬೇಗ ಹೊಡೆಯುವವರಿಗೆ ಉಪಯೋಗ. ಮೊದಲ ಗುಂಡೇ ತಪ್ಪುತ್ತಿರುವವರಿಗೆ ಅದರಿಂದ ಏನೂ ಆಗದು.

ನನ್ನ ಕೈ ಚಿಕ್ಕದು. ಬೆರಳ ತುದಿ ಟ್ರಿಗರ್ ಮುಟ್ಟೋದೇ ಕಷ್ಟ. ಸ್ಪ್ರಿಂಗ್ ಹಗುರ ಮಾಡಿದರೆ ಸರಿಹೋಗುತ್ತೆ ಮೇಡಂ ಅಂತ ಅಂಗಡಿಯವರು ಹೇಳಿದ್ರು, ಹೌದಾ?

ಸ್ವಲ್ಪ ಮಾತ್ರ. ನಿಮ್ಮ ತೊಂದರೆ ತೂಕದ್ದಲ್ಲ, ದೂರದ್ದು. ಹ್ಯಾಮರ್ ಕೆಳಗಿದ್ದಾಗ ಟ್ರಿಗರ್ ಬಹಳ ಮುಂದೆ ಇರುತ್ತದೆ, ಬೆರೆಟ್ಟಾದ ಹಿಡಿಯೂ ದಪ್ಪ. ಒಳಬಾಗಿದ ಶಾರ್ಟ್ ರೀಚ್ ಟ್ರಿಗರ್, ತೆಳು ಹಿಡಿಪಟ್ಟಿ ಹಾಕಿಸಿ. ಹೊಸದು ಕೊಳ್ಳುವುದಾದರೆ ಹಿಂಭಾಗ ನೇರವಾಗಿರುವ ವರ್ಟೆಕ್ ಹಿಡಿಯ ಮಾದರಿಯನ್ನು ಕೈಯಲ್ಲಿ ಹಿಡಿದು ನೋಡಿ. ಬೆರಳ ತುದಿಯಿಂದಲೇ ಎಳೆಯಬೇಕೆಂಬ ನಿಯಮವೇನೂ ಇಲ್ಲ. ಡಬಲ್ ಆ್ಯಕ್ಷನ್‌ಗೆ ಮೊದಲ ಗೆಣ್ಣಿನ ಹತ್ತಿರ ಇಟ್ಟರೆ ಬಲ ಹೆಚ್ಚು ಸಿಗುತ್ತದೆ.

ಸ್ಪರ್ಧೆಗೆ ಹೋಗ್ತೀನಿ. ಎಷ್ಟು ಹಗುರ ಮಾಡಿದರೆ ನಡೆಯುತ್ತೆ?

ನೀವು ಇಳಿಯುವ ವಿಭಾಗದ ಈ ವರ್ಷದ ನಿಯಮ ಪುಸ್ತಕ ನೋಡಿ, ಇವು ಆಗಾಗ ಬದಲಾಗುತ್ತವೆ. ಐಪಿಎಸ್‌ಸಿ ಎಂಬ ಅಂತರರಾಷ್ಟ್ರೀಯ ಪ್ರಾಕ್ಟಿಕಲ್ ಶೂಟಿಂಗ್ ಸಂಸ್ಥೆಯ ಪ್ರೊಡಕ್ಷನ್ ವಿಭಾಗದಲ್ಲಿ ಮೊದಲ ಗುಂಡಿನ ಎಳೆತ ಕನಿಷ್ಠ 2.27 ಕೆಜಿ ಎಂಬುದು ಬಹುಕಾಲದಿಂದ ಪರಿಚಿತವಾದ ಅಂಕಿ. ಈ ವಿಭಾಗದಲ್ಲಿ ಹ್ಯಾಮರ್ ಪೂರ್ತಿ ಇಳಿಸಿಯೇ ಆರಂಭಿಸಬೇಕು, ಅಂದರೆ ಪ್ರತಿ ಸುತ್ತಿನ ಮೊದಲ ಗುಂಡು ಡಬಲ್ ಆ್ಯಕ್ಷನ್. 2016ರಲ್ಲಿ ಬಂದ ಸಿಝಡ್ ಶ್ಯಾಡೋ 2 ಇಂಥ ಸ್ಪರ್ಧೆಗೆಂದೇ ತಯಾರಾದದ್ದು. ಟ್ರಿಗರಿಗೆ ಅಡ್ಡಿಯಾಗದಿರಲೆಂದು ಅದರಲ್ಲಿ ಫೈರಿಂಗ್ ಪಿನ್ ಬ್ಲಾಕ್, ಅಂದರೆ ಟ್ರಿಗರ್ ಎಳೆಯದ ಹೊರತು ಫೈರಿಂಗ್ ಪಿನ್ನನ್ನು ತಡೆದಿಡುವ ಭಾಗ, ಇಲ್ಲ.

ಅದರಿಂದಲೇ ಒಂದು ಎಚ್ಚರಿಕೆ. ಶ್ಯಾಡೋದಲ್ಲೂ 75ಬಿಯಲ್ಲೂ ಗುಂಡು ಹಾರಿಸದೆ ಹ್ಯಾಮರ್ ಇಳಿಸುವ ಡಿಕಾಕರ್ ಎಂಬ ಸನ್ನೆ ಇಲ್ಲ. ಗುಂಡು ತುಂಬಿರುವಾಗಲೇ ಹ್ಯಾಮರನ್ನು ಹೆಬ್ಬೆರಳಲ್ಲಿ ಹಿಡಿದು, ಟ್ರಿಗರ್ ಒತ್ತಿ, ಮೆಲ್ಲಗೆ ಇಳಿಸಬೇಕು. ಬ್ಲಾಕ್ ಇಲ್ಲದ, ಹಗುರ ಟ್ರಿಗರಿನ ಪಿಸ್ತೂಲಿನಲ್ಲಿ ಹೆಬ್ಬೆರಳು ಜಾರಿದರೆ ಗುಂಡು ಹಾರುತ್ತದೆ. ಮೂತಿ ಯಾವಾಗಲೂ ಮಣ್ಣಿನ ದಿಬ್ಬದ ಕಡೆಗೇ ಇರಲಿ.

ಮನೆ ಕಾಯೋಕೆ ಇಟ್ಟಿರೋ ಪಿಸ್ತೂಲಿಗೂ ಇದೆಲ್ಲ ಮಾಡಿಸ್ಲಾ?

ನಾನಾದರೆ ತೊಳೆದು, ಎಣ್ಣೆ ಹಾಕಿ, ಕಂಪನಿಯ ಭಾಗಗಳಷ್ಟನ್ನೇ ಬಳಸಿ ನಿಲ್ಲಿಸುತ್ತೇನೆ. ಆ ಪಿಸ್ತೂಲು ಯಾವ ಗುಂಡು ಹಾಕಿದರೂ ಹಾರಬೇಕು. ಅಂಥ ಘಟನೆ ನಡೆದೇಹೋದರೆ ಕೋರ್ಟಿನಲ್ಲಿ ಎದುರು ವಕೀಲರು ಕೂದಲೆಳೆ ಟ್ರಿಗರ್ ಮಾಡಿಸಿದ್ದಿರಿ ಎಂದು ಎಳೆದಾಡಲು ಅವಕಾಶ ಯಾಕೆ ಕೊಡಬೇಕು? ಮನೆಯಲ್ಲಿ ಮಕ್ಕಳಿದ್ದರಂತೂ ಟ್ರಿಗರಿಗಿಂತ ಮೊದಲು ಲಾಕರ್ ಕೊಳ್ಳಿ.

## ಊರಿನಿಂದ ಬರುವ ಪ್ರಶ್ನೆಗಳು

ಭಾವ, ನನಗೆ ಇಲ್ಲಿ ಲೈಸೆನ್ಸ್ ಇದೆ. ನೀವು ರಜಕ್ಕೆ ಬರುವಾಗ ಒಂದೆರಡು ಸ್ಪ್ರಿಂಗ್ ಸೂಟ್‌ಕೇಸಲ್ಲಿ ಹಾಕ್ಕೊಂಡು ಬರ್ತೀರಾ?

ತರುವುದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಆಯುಧದ ಬಿಡಿಭಾಗವೂ ಆಯುಧವೇ, ಲೈಸೆನ್ಸ್ ಇಲ್ಲದೆ ಅದನ್ನು ದೇಶದೊಳಕ್ಕೆ ತರುವಂತಿಲ್ಲ. ಇಲ್ಲಿಂದ ಕೊಂಡೊಯ್ಯಲು ಅಮೆರಿಕದ ರಫ್ತು ನಿಯಮಗಳ ತೊಡಕೂ ಇದೆ. ಚಕ್ಕುಲಿ ಡಬ್ಬಿಯ ಪಕ್ಕ ಒಂದು ಸಣ್ಣ ಸ್ಪ್ರಿಂಗ್, ಯಾರಿಗೆ ಗೊತ್ತಾಗುತ್ತೆ ಎನ್ನುವವರು ವಿಮಾನ ನಿಲ್ದಾಣದ ಎಕ್ಸ್‌ರೇ ಮುಂದೆ ನಾನು ನಿಂತಿರುವುದನ್ನು ಮರೆತಿರುತ್ತಾರೆ.

ಇಲ್ಲೇ ಸಿಗೋ ಸ್ಪ್ರಿಂಗ್ ತಂದು ನಾನೇ ಹಾಕ್ಕೊಂಡರೆ?

ಪಿಸ್ತೂಲು ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ಆಯುಧ ತಯಾರಿಸುವ, ರಿಪೇರಿ ಮಾಡುವ, ಮಾರ್ಪಡಿಸುವ ಲೈಸೆನ್ಸ್ ಬೇರೆ. ಅದೇ ಕಾಯ್ದೆಯ 5ನೇ ಕಲಮು ಇದನ್ನು ಹೇಳುತ್ತದೆ. ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರವೇ ಹೋಗಿ, ರಸೀದಿ ಇಟ್ಟುಕೊಳ್ಳಿ.

ಅಂದಹಾಗೆ ನಮ್ಮ ಸೈನ್ಯ, ಪೊಲೀಸರಲ್ಲಿ ಕಾಣುವ ಇಶಾಪುರದ 9 ಎಂಎಂ 1ಎ ಪಿಸ್ತೂಲು ಬ್ರೌನಿಂಗ್ ಹೈ ಪವರ್ ಮಾದರಿಯದು, ಸಿಂಗಲ್ ಆ್ಯಕ್ಷನ್. ಈ ಪುಟದ ಅರ್ಧ ಸಮಸ್ಯೆ ಅದಕ್ಕಿಲ್ಲ. ಬೆಂಗಳೂರಿನಲ್ಲಿ ರೈಫಲ್ ಅಸೋಸಿಯೇಷನ್ ಸ್ಪರ್ಧೆಗೆ ಇಳಿಯುವವರಿಗೂ ಇಲ್ಲ. ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟವಾದ ಐಎಸ್‌ಎಸ್‌ಎಫ್ ನಿಯಮದಲ್ಲಿ ಟ್ರಿಗರಿನ ಎಳೆತ 25 ಮೀಟರ್ ಪಿಸ್ತೂಲಿಗೆ ಕನಿಷ್ಠ 1000 ಗ್ರಾಂ, 10 ಮೀಟರ್ ಏರ್ ಪಿಸ್ತೂಲಿಗೆ 500 ಗ್ರಾಂ. ತೂಕದ ಬಟ್ಟು ಟ್ರಿಗರಿಗೆ ತೂಗುಹಾಕಿ ಪರೀಕ್ಷಿಸುತ್ತಾರೆ.

## ಕೆಲಸ ಮುಗಿದ ಮೇಲೆ

ಗನ್‌ಸ್ಮಿತ್ ಪಿಸ್ತೂಲು ವಾಪಸ್ ಕೊಟ್ಟರು. ಸರಿಯಾಗಿದೆ ಅಂತ ತಿಳಿಯೋದು ಹೇಗೆ?

ಮೊದಲು ಖಾಲಿ ಪಿಸ್ತೂಲಿನಲ್ಲಿ. ಹ್ಯಾಮರ್ ಎತ್ತಿ, ಸೇಫ್ಟಿ ಇರುವ ಪಿಸ್ತೂಲಾದರೆ ಅದನ್ನು ಹಾಕಿ, ಟ್ರಿಗರ್ ಬಲವಾಗಿ ಒತ್ತಿ ಬಿಡಿ. ಸೇಫ್ಟಿ ತೆಗೆದಾಗ ಹ್ಯಾಮರ್ ಬೀಳಬಾರದು. ಬೆರೆಟ್ಟಾ ಎಫ್‌ಎಸ್‌ನಲ್ಲಿ ಸೇಫ್ಟಿ ಒತ್ತಿದರೆ ಹ್ಯಾಮರ್ ಇಳಿಯುವುದೇ ಕ್ರಮ, ಅಲ್ಲಿ ಅದು ಸುರಕ್ಷಿತವಾಗಿ ಇಳಿಯುತ್ತದೆಯೇ, ಆಮೇಲೆ ಟ್ರಿಗರ್ ನಿಷ್ಕ್ರಿಯವಾಗಿದೆಯೇ ನೋಡಿ. ಹ್ಯಾಮರ್ ಎತ್ತಿಟ್ಟು ಹಿಂದಿನಿಂದ ಹೆಬ್ಬೆರಳಲ್ಲಿ ಮುಂದಕ್ಕೆ ಒತ್ತಿ, ಜಾರಬಾರದು. ಸ್ಲೈಡನ್ನು ಹಿಂದಕ್ಕೆ ಎಳೆದು ಹಲವು ಸಲ ಜೋರಾಗಿ ಬಿಡಿ. ಹ್ಯಾಮರ್ ಒಮ್ಮೆ ಹಿಂಬಾಲಿಸಿ ಬಿದ್ದರೂ ಪಿಸ್ತೂಲು ವಾಪಸ್ ಅಂಗಡಿಗೆ.

ಆಮೇಲೆ ರೇಂಜ್. ಮ್ಯಾಗಜೀನಿಗೆ ಮೊದಲು ಒಂದೇ ಗುಂಡು ಹಾಕಿ ಹೊಡೆಯಿರಿ, ಕೆಲವು ಸಲ. ನಂತರ ಎರಡು. ಒಂದೇ ಎಳೆತಕ್ಕೆ ಎರಡೂ ಹೋಗುವ ದೋಷವಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ, ತುಂಬಿದ ಮ್ಯಾಗಜೀನಿನಲ್ಲಿ ಸಿಕ್ಕಿಬೀಳುವುದು ಯಾರಿಗೂ ಬೇಡ. ಅದೂ ದಾಟಿದರೆ ನೀವು ನಿಜವಾಗಿ ಬಳಸುವ ಗುಂಡಿನಲ್ಲೇ ಕನಿಷ್ಠ ಇನ್ನೂರು, ಅದರಲ್ಲಿ ಅರ್ಧ ಡಬಲ್ ಆ್ಯಕ್ಷನ್. ಹಾರಿದ ಖಾಲಿ ಕೇಸುಗಳನ್ನು ಹೆಕ್ಕಿ ಪ್ರೈಮರಿನ ತಗ್ಗು ನೋಡಿ. ಎಲ್ಲ ಒಂದೇ ಆಳ ಇದ್ದರೆ ನೆಮ್ಮದಿ, ಕೆಲವು ತೇಲಿದಂತಿದ್ದರೆ ಗುಂಡು ಹಾರಿದ್ದರೂ ಸ್ಪ್ರಿಂಗನ್ನು ಒಂದು ಮೆಟ್ಟಿಲು ಗಟ್ಟಿ ಮಾಡಿ.

ಹಳೆಯ ಸ್ಪ್ರಿಂಗನ್ನು ಎಸೆಯಬೇಡಿ. ಕವರಿಗೆ ಹಾಕಿ, ಮೇಲೆ ಪೌಂಡು ಬರೆದು, ಪಿಸ್ತೂಲಿನ ಡಬ್ಬಿಯಲ್ಲೇ ಇಡಿ. ಮಾರುವ ದಿನ ಕೊಳ್ಳುವವರು ಕೇಳುತ್ತಾರೆ.